528ಕ್ಕೆ 498 ಬಂದರೂ ಡಾಕ್ಟರ್ ಸೀಟಿಲ್ಲವೇ?

ಹಳೇ ಬಸ್ ಸ್ಟ್ಯಾಂಡಿನ ಎದುರು ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಮೊನ್ನೆ ಸಂಜೆ ಈ ಅಂಕಣಕಾರನನ್ನು ಕೈ ಬೀಸಿ ಕರೆದರು. ಗಿರಾಕಿ ಇಲ್ಲದ ಹೊತ್ತು. ಹುಡುಗನಿಗೆ ಎರಡು ಟೀ ತರಲು ಹೇಳಿ, ಗಲ್ಲಾಪೆಟ್ಟಿಗೆಯಿಂದ ಒಂದು ಚೀಟಿ ತೆಗೆದು ಮುಂದಿಟ್ಟರು. ಚೀಟಿಯಲ್ಲಿ ಇದ್ದದ್ದು ಎರಡೇ ಸಂಖ್ಯೆ. ಮೇಲೆ 498, ಕೆಳಗೆ 528.

"ಸಾರ್, ನೀವು ಪೇಪರಿನೋರು. ಲೆಕ್ಕ ಹಾಕಿ ಹೇಳಿ, ಇದು ನೂರಕ್ಕೆ ಎಷ್ಟಾಯ್ತು?"

"94ರ ಮೇಲಾಯ್ತಲ್ಲ ಯಜಮಾನರೇ."

"ಡಿಸ್ಟಿಂಕ್ಷನ್ ಅಲ್ವಾ? ಮತ್ತೆ ನನ್ನ ತಂಗಿ ಯಾಕ್ ಸಾರ್ ಫೋನಿನಲ್ಲಿ ಅಳ್ತಾಳೆ?"

ತಂಗಿ ಇರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ. ಮಗಳು ಅಲ್ಲೇ ಹುಟ್ಟಿ ಬೆಳೆದವಳು, ಬಯಾಲಜಿ ಡಿಗ್ರಿ ಮುಗಿಸಿದ್ದಾಳೆ. ಡಾಕ್ಟರಾಗಬೇಕೆಂಬ ಆಸೆ. ಪ್ರವೇಶ ಪರೀಕ್ಷೆಗೆ ಎರಡು ಸಲ ಕೂತಳು. ಮೊದಲ ಸಲ 494, ಎರಡನೇ ಸಲ 498. ಸಾಲದು ಎಂದು ಎಲ್ಲರೂ ಹೇಳಿದ್ದಾರೆ. ಈಗ ತಂಗಿಯ ಬೇಡಿಕೆ ಇದು: ಅಪ್ಪ ಬಿಟ್ಟುಹೋದ ರಿಂಗ್ ರೋಡ್ ಪಕ್ಕದ ಸೈಟಿನಲ್ಲಿ ತನ್ನ ಪಾಲನ್ನು ಮಾರಿ ಹಣ ಕಳಿಸಬೇಕು. ಕೆರಿಬಿಯನ್ ದ್ವೀಪದ ಯಾವುದೋ ಕಾಲೇಜಿನಲ್ಲಿ ಸೀಟು ಸಿಗುತ್ತದಂತೆ. ಇಲ್ಲದಿದ್ದರೆ 'ಡಿ.ಓ.' ಅಂತ ಒಂದಿದೆಯಂತೆ, ಅದಕ್ಕೆ ಹಾಕಬೇಕಂತೆ. ಊರಲ್ಲಿ ಮಾತ್ರ ಯಾರಿಗೂ ಹೇಳಕೂಡದಂತೆ.

"ಡಿ.ಓ. ಅಂದ್ರೆ ನನಗೆ ಗೊತ್ತಿರೋದು ಎಲ್.ಐ.ಸಿ. ಡೆವಲಪ್‌ಮೆಂಟ್ ಆಫೀಸರು" ಎಂದರು ಯಜಮಾನರು. "ಪಕ್ಕದಂಗಡಿಯೋರು ಮೊಬೈಲಲ್ಲಿ ನೋಡಿ, ಅದು ಮೂಳೆ ನೀವೋ ಡಾಕ್ಟರಿಕೆ, ಪುತ್ತೂರು ಕಟ್ಟು ಇದ್ದಂಗೆ ಅಂದ್ರು. ಅಮೆರಿಕಕ್ಕೆ ಹೋಗಿ ಪುತ್ತೂರು ಕಟ್ಟು ಕಲಿಯೋಕೆ ಸೈಟು ಮಾರಬೇಕಾ ಸಾರ್?"

ನ್ಯಾಯವಾದ ಪ್ರಶ್ನೆ. ಈ ಅಂಕಣಕಾರ ಒಂದು ವಾರ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದಾನೆ. ನಮ್ಮ ಜಿಲ್ಲೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ಈಗ ಒಬ್ಬಿಬ್ಬರಲ್ಲ. ನಾಳೆ ಇಂಥ ಚೀಟಿ ನಿಮ್ಮ ಗಲ್ಲಾಪೆಟ್ಟಿಗೆಗೂ ಬರಬಹುದು.

ಅಂಕದ ಮಾಯೆ

ಮೊದಲು ಆ 498ರ ಗುಟ್ಟು ನೋಡೋಣ. ಪರೀಕ್ಷೆಯ ಹೆಸರು ಎಂ-ಕ್ಯಾಟ್. ಅಮೆರಿಕದಲ್ಲಿ ಪಿ.ಯು.ಸಿ. ಮುಗಿಸಿದ ಕೂಡಲೇ ಡಾಕ್ಟರ್ ಕಾಲೇಜಿಗೆ ಸೇರುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಈ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ವೈದ್ಯ ಶಿಕ್ಷಣ, ಅದಾದ ಮೇಲೆ ಆಸ್ಪತ್ರೆಯಲ್ಲಿ ಮೂರರಿಂದ ಏಳು ವರ್ಷದ ತರಬೇತಿ. ಪರೀಕ್ಷೆಗೆ ಕೂತು ಏಳುವ ಹೊತ್ತಿಗೆ ಏಳೂವರೆ ಗಂಟೆ ಆಗಿರುತ್ತದೆ. ಒಟ್ಟು 230 ಪ್ರಶ್ನೆ, ನಾಲ್ಕು ಭಾಗ.

2015ರಿಂದ ಇದಕ್ಕೆ ಹೊಸ ಅಳತೆ ಬಂದಿದೆ. ಒಂದೊಂದು ಭಾಗಕ್ಕೂ ಕನಿಷ್ಠ 118, ಗರಿಷ್ಠ 132. ಅಂದರೆ ಪೂರಾ ದಡ್ಡನಿಗೂ 472 ಸಿಕ್ಕೇ ಸಿಗುತ್ತದೆ! ಸೊನ್ನೆಯಿಂದ ಶುರುವಾಗುವ ತಕ್ಕಡಿ ಅಲ್ಲ ಇದು. 472ರಿಂದ 528ರವರೆಗಿನ ಈ ಅಳತೆಯ ನಡುಮಧ್ಯ 500. ಆದ್ದರಿಂದ 498 ಡಿಸ್ಟಿಂಕ್ಷನ್ ಅಲ್ಲ, ಪರೀಕ್ಷೆ ಬರೆದವರ ಸಾಲಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಎಂ.ಡಿ. ಕಾಲೇಜುಗಳಿಗೆ ಸೇರುವವರ ಸರಾಸರಿ 511-512ರ ಆಸುಪಾಸು. ಡಿ.ಓ. ಕಾಲೇಜುಗಳಿಗೆ ಸೇರುವವರದು ಸುಮಾರು 503-504.

ಇಲ್ಲೊಂದು ಮಾತು. ಅಮೆರಿಕದ ಎಂ.ಡಿ. ನಮ್ಮ ಎಂ.ಡಿ. ಅಲ್ಲ. ನಮ್ಮಲ್ಲಿ ಎಂ.ಬಿ.ಬಿ.ಎಸ್. ಆದ ಮೇಲೆ ಎಂ.ಡಿ.; ಅಲ್ಲಿ ಡಾಕ್ಟರಾಗುವ ಮೊದಲ ಪದವಿಯೇ ಎಂ.ಡಿ. ಅದಕ್ಕೆ ಸಮಾನವಾದ ಇನ್ನೊಂದು ಪದವಿ ಡಿ.ಓ.

ಡಿ.ಓ. ಎಂದರೇನು?

ಪಕ್ಕದಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಡಾಕ್ಟರೊಬ್ಬರಿದ್ದರು. 1864ರಲ್ಲಿ ಅವರ ಮೂರು ಮಕ್ಕಳು ಮಿದುಳು ಜ್ವರಕ್ಕೆ ಬಲಿಯಾದರು. ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ಮೂಳೆ, ಸ್ನಾಯು, ಕೀಲುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನೇ ಗುಣವಾಗುತ್ತದೆ ಎಂದು 1874ರಲ್ಲಿ ಸಾರಿದರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮೊದಲ ಶಾಲೆ ತೆರೆದರು. ಆಸ್ಟಿಯೋಪಥಿ ಹುಟ್ಟಿದ್ದು ಹೀಗೆ.

ಇಂಗ್ಲೆಂಡಿನಲ್ಲಿ ಇಂದಿಗೂ ಆಸ್ಟಿಯೋಪಾತ್ ಅಂದರೆ ಕೈಯಿಂದ ನೀವಿ ಚಿಕಿತ್ಸೆ ಕೊಡುವವರೇ. ಅಮೆರಿಕದಲ್ಲಿ ಮಾತ್ರ ಕಥೆ ಬೇರೆಯಾಯಿತು. ಅಲ್ಲಿಯ ಡಿ.ಓ. ಕಾಲೇಜುಗಳು ಔಷಧಿ, ಶಸ್ತ್ರಚಿಕಿತ್ಸೆ, ಹೆರಿಗೆ ಎಲ್ಲವನ್ನೂ ಸೇರಿಸಿಕೊಂಡು ಪೂರ್ತಿ ವೈದ್ಯ ಕಾಲೇಜುಗಳೇ ಆದವು. ಕೈಚಿಕಿತ್ಸೆ ಈಗ ಸುಮಾರು 200 ಗಂಟೆಗಳ ಹೆಚ್ಚುವರಿ ಪಾಠ, ಅಷ್ಟೆ. ಆ ವಿದ್ಯೆಯ ಕೆಲವು ಭಾಗಗಳ ಬಗ್ಗೆ ವೈದ್ಯರಲ್ಲೇ ತಕರಾರಿದೆ. ಬಹಳ ಮಂದಿ ಡಿ.ಓ.ಗಳು ಮುಂದೆ ಅದನ್ನು ಬಳಸುವುದೂ ಇಲ್ಲ.

ಹಾಗೆಂದು ಮರ್ಯಾದೆ ಸುಲಭವಾಗಿ ಸಿಕ್ಕಿತೇ? ಇಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ತಮಾಷೆ ನಡೆಯಿತು. 65 ಡಾಲರ್ ಕಟ್ಟಿದ ಡಿ.ಓ.ಗಳಿಗೆ ಎಂ.ಡಿ. ಪದವಿ ಕೊಟ್ಟರು. ಸುಮಾರು 2,000 ಮಂದಿ ಬೋರ್ಡು ಬದಲಾಯಿಸಿಕೊಂಡರು. ನಿನ್ನೆ 'ಲಾಯಕ್ಕಿಲ್ಲ' ಎನಿಸಿಕೊಂಡವರು 65 ಡಾಲರಿಗೆ ಲಾಯಕ್ಕಾಗಿಬಿಟ್ಟರು! ಅಲ್ಲಿ ಹೊಸ ಡಿ.ಓ.ಗಳಿಗೆ ಮತ್ತೆ ಲೈಸೆನ್ಸ್ ಕೊಡಿಸಲು 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇವತ್ತಿನ ಸ್ಥಿತಿ ಏನು? 50 ರಾಜ್ಯಗಳಲ್ಲೂ ಡಿ.ಓ.ಗೆ ಪೂರ್ತಿ ಅಧಿಕಾರವಿದೆ. ಅಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಡಿ.ಓ. ಓದುತ್ತಿದ್ದಾರೆ. ಟ್ರಂಪ್ ಸಾಹೇಬರು 2020ರಲ್ಲಿ ಕೋವಿಡ್ ಹಿಡಿದು ಮಲಗಿದಾಗ ನೋಡಿಕೊಂಡ ಶಾನ್ ಕಾನ್ಲಿ ಡಿ.ಓ., ಆಮೇಲೆ ಬೈಡನ್ನರ ವೈದ್ಯರಾಗಿದ್ದ ಕೆವಿನ್ ಓಕಾನರ್ ಕೂಡ ಡಿ.ಓ. ಅಧ್ಯಕ್ಷರ ನಾಡಿ ಹಿಡಿಯುವವರನ್ನು 'ನೀವೋ ಡಾಕ್ಟರು' ಎನ್ನಲಾದೀತೇ?

ಹಿತ್ತಲ ಬಾಗಿಲಲ್ಲ

ಹಾಗಾದರೆ ಎಂ.ಡಿ. ಸಿಗದವರೆಲ್ಲ ಡಿ.ಓ.ಗೆ ನುಗ್ಗಬಹುದೇ? ಇಲ್ಲೇ ಬಹಳ ಮಂದಿ ಎಡವುವುದು. 503-504 ಸರಾಸರಿ ಅಂದರೆ ಅದಕ್ಕಿಂತ ಕೆಳಗಿನವರೂ ಸೇರಿದ್ದಾರೆ ಎಂಬುದು ನಿಜ. ಆದರೆ ಅವರು ಅಂಕ ಕಡಿಮೆ ಇದ್ದದ್ದರಿಂದ ಸೇರಲಿಲ್ಲ, ಮಿಕ್ಕದ್ದೆಲ್ಲ ಗಟ್ಟಿ ಇದ್ದದ್ದರಿಂದ ಸೇರಿದರು.

ಕಾಲೇಜಿನವರ ಭಯವನ್ನೂ ಅರ್ಥ ಮಾಡಿಕೊಳ್ಳಬೇಕು. ಒಳಗೆ ಸೇರಿದವರು ಮುಂದೆ ಕಾಮ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆಗಳನ್ನು ದಾಟಬೇಕು. ದಾಟದಿದ್ದರೆ ಡಾಕ್ಟರಿಕೆ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ತೀರಾ ಕಡಿಮೆ ತೆಗೆದವರು ಅಲ್ಲಿಯೂ ಮುಗ್ಗರಿಸಬಹುದೆಂಬುದು ಅವರ ಅನುಮಾನ. ಕೆಲವು ಕಾಲೇಜುಗಳು ಒಂದು ಕನಿಷ್ಠ ಅಂಕ ಇಟ್ಟುಕೊಂಡು, ಅದಕ್ಕಿಂತ ಕೆಳಗಿನ ಅರ್ಜಿಯನ್ನು ತೆರೆದೇ ನೋಡುವುದಿಲ್ಲ. ಇದನ್ನು ವಿಚಾರಿಸದೆ ಇಪ್ಪತ್ತು ಕಾಲೇಜಿಗೆ ಹಣ ಕಟ್ಟುವುದು ಬಾಗಿಲು ಹಾಕಿದ ಅಂಗಡಿಗೆ ಅಡ್ವಾನ್ಸ್ ಕೊಟ್ಟ ಹಾಗೆ.

ಇನ್ನೊಂದು ಹಳೇ ಬುದ್ಧಿವಾದ ಈಗ ನಡೆಯುವುದಿಲ್ಲ. ಡಿ.ಓ. ಅರ್ಜಿಯಲ್ಲಿ ಮೊದಲು ಒಂದು ಅನುಕೂಲವಿತ್ತು. ಕಡಿಮೆ ಬಂದ ಪಾಠವನ್ನು ಮತ್ತೆ ಓದಿ ಬರೆದರೆ ಹಳೇ ಗ್ರೇಡು ಅಳಿಸಿ ಹೊಸದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. 2017ರಲ್ಲಿ ಅದನ್ನು ನಿಲ್ಲಿಸಿದರು. ಈಗ ಎರಡೂ ಲೆಕ್ಕಕ್ಕೆ ಬರುತ್ತವೆ. ಯಾರಾದರೂ ಹಿರಿಯರು ಹಳೇ ಕಥೆ ಹೇಳಿದರೆ ನಂಬಬೇಡಿ.

ಎಂ-ಕ್ಯಾಟನ್ನು ಬೇಕೆಂದಷ್ಟು ಸಲ ಬರೆಯುವಂತೆಯೂ ಇಲ್ಲ. ಒಂದು ವರ್ಷದಲ್ಲಿ 3, ಸತತ ಎರಡು ವರ್ಷದಲ್ಲಿ 4, ಜೀವಮಾನದಲ್ಲಿ 7 ಸಲ. ಹಳೇ ಅಂಕ ಮುಚ್ಚಿಡಲಾಗದು, ಕಾಲೇಜಿನವರಿಗೆ ಅದೂ ಕಾಣುತ್ತದೆ. ಮನೆಯಲ್ಲಿ ಬರೆಯುವ ಪೂರ್ಣ ಮಾದರಿ ಪರೀಕ್ಷೆಯಲ್ಲಿ ಬೇಕಾದ ಅಂಕ ಮತ್ತೆ ಮತ್ತೆ ಬರುವ ತನಕ ನಿಜ ಪರೀಕ್ಷೆಗೆ ಕೂರಬಾರದು ಎಂಬುದು ತಿಳಿದವರ ಮಾತು.

ಅರ್ಜಿಗೂ ಹೊತ್ತು ಗೊತ್ತು ಇದೆ. ಮೇ ತಿಂಗಳ ಹೊತ್ತಿಗೆ ಅರ್ಜಿ ತೆರೆಯುತ್ತದೆ. ಬಂದ ಹಾಗೆ ನೋಡುತ್ತಾ ಸೀಟು ತುಂಬುತ್ತಾ ಹೋಗುತ್ತಾರೆ. ಅಂಕ ಕಡಿಮೆ ಇದ್ದವರು ಕೊನೆಯ ಬಸ್ಸಿಗೆ ಕಾದರೆ ಸೀಟೆಲ್ಲಿ ಸಿಕ್ಕೀತು? ಜತೆಗೆ, ಒಬ್ಬ ಡಿ.ಓ. ಡಾಕ್ಟರ ಹಿಂದೆ ನಿಂತು ಕೆಲಸ ನೋಡಿ, ಅವರಿಂದ ಶಿಫಾರಸು ಪತ್ರ ಪಡೆದಿದ್ದರೆ ಬಹಳ ಕಾಲೇಜುಗಳಲ್ಲಿ ಅದಕ್ಕೆ ಬೆಲೆ ಇದೆ. 'ನನಗೆ ಡಿ.ಓ. ಯಾಕೆ ಬೇಕು' ಎಂಬುದಕ್ಕೆ 'ಎಂ.ಡಿ. ಸಿಗಲಿಲ್ಲ' ಎಂಬುದು ಉತ್ತರವಲ್ಲ.

ಸೈಟಿನ ಲೆಕ್ಕ

ಈಗ ಯಜಮಾನರ ಅಸಲು ಪ್ರಶ್ನೆಗೆ ಬರೋಣ. ಖಾಸಗಿ ಡಿ.ಓ. ಕಾಲೇಜುಗಳಲ್ಲಿ ವರ್ಷದ ಫೀಸೇ 50-60 ಸಾವಿರ ಡಾಲರ್ ಮುಟ್ಟುತ್ತದೆ, ದಾಟುವುದೂ ಉಂಟು. ಊಟ, ಬಾಡಿಗೆ ಸೇರಿದರೆ ನಾಲ್ಕು ವರ್ಷಕ್ಕೆ 3 ಲಕ್ಷ ಡಾಲರ್ ಎನ್ನಿ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಹಿಡಿದರೆ 2 ಕೋಟಿ 70 ಲಕ್ಷ!

ಮೊದಲು ಇದಕ್ಕೆಲ್ಲ ಅಲ್ಲಿನ ಸರ್ಕಾರವೇ ಸಾಲ ಕೊಡುತ್ತಿತ್ತು. 2025ರ ಜುಲೈನಲ್ಲಿ ಬಂದ ಹೊಸ ಕಾನೂನು ಅದಕ್ಕೆ ಮಿತಿ ಹಾಕಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಮಿಕ್ಕದ್ದು ಖಾಸಗಿ ಬ್ಯಾಂಕಿನಿಂದ ಬರಬೇಕು, ಇಲ್ಲವೇ ಮನೆಯಿಂದ. ತಂಗಿಗೆ ರಿಂಗ್ ರೋಡಿನ ಸೈಟು ನೆನಪಾದದ್ದು ಸುಮ್ಮನೆ ಅಲ್ಲ.

ದ್ವೀಪದ ಕಾಲೇಜಿನ ವಿಷಯಕ್ಕೆ ಈ ಅಂಕಿ ನೋಡಿ. ಓದು ಮುಗಿದ ಮೇಲೆ ಆಸ್ಪತ್ರೆ ತರಬೇತಿಗೆ ಜಾಗ ಸಿಗಬೇಕಲ್ಲ, 2024ರಲ್ಲಿ ಅದು ಎಂ.ಡಿ. ಓದಿದವರಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಮಂದಿಗೆ ಸಿಕ್ಕಿತು, ಡಿ.ಓ. ಓದಿದವರಲ್ಲಿ 92ಕ್ಕೂ ಹೆಚ್ಚು ಮಂದಿಗೆ. ದ್ವೀಪಗಳೂ ಸೇರಿದಂತೆ ಹೊರದೇಶದಲ್ಲಿ ಓದಿ ಬಂದ ಅಮೆರಿಕನ್ನರಲ್ಲಿ ಸಿಕ್ಕಿದ್ದು ಸುಮಾರು 67 ಮಂದಿಗೆ. ಸಲೀಸಾಗಿ ಸಿಗುವ ಸೀಟಿನ ಬೆಲೆ ಆಮೇಲೆ ಗೊತ್ತಾಗುವುದು ಹೀಗೆ. ಆದರೆ ಒಂದು ಮಾತು ಮುಚ್ಚಿಡಬಾರದು. ಚರ್ಮರೋಗ, ಮಿದುಳು ಶಸ್ತ್ರಚಿಕಿತ್ಸೆಯಂಥ ಪೈಪೋಟಿಯ ವಿಭಾಗಗಳಲ್ಲಿ ಡಿ.ಓ.ಗಳಿಗೆ ದಾರಿ ಇನ್ನೂ ಕಿರಿದು. ಹೆಚ್ಚಿನವರು ಫ್ಯಾಮಿಲಿ ಡಾಕ್ಟರು, ಮಕ್ಕಳ ಡಾಕ್ಟರು ಆಗುತ್ತಾರೆ. ಆಗಲಿ ಬಿಡಿ, ಜ್ವರ ಬಂದಾಗ ಬೇಕಾಗುವವರು ಅವರೇ ತಾನೆ?

ಇದನ್ನೆಲ್ಲ ಹಾಳೆಯ ಮೇಲೆ ಬರೆದುಕೊಟ್ಟೆ. ಯಜಮಾನರು ಕನ್ನಡಕ ಹಾಕಿ ಎರಡು ಸಲ ಓದಿದರು. "ಹಂಗಾದ್ರೆ ಬಾಗಿಲು ಮುಚ್ಚಿಲ್ಲ, ಆದ್ರೆ ತಳ್ಳಿದ್ರೆ ತೆಗೆಯೋದೂ ಇಲ್ಲ, ಅಲ್ವಾ ಸಾರ್?" ಎಂದರು. ಇಷ್ಟುದ್ದ ಬರೆದ ನನಗಿಂತ ಅವರೇ ಚೆನ್ನಾಗಿ ಹೇಳಿದರು.

ಆ ರಾತ್ರಿ ಅವರು ತಂಗಿಗೆ ಫೋನು ಮಾಡಲಿಲ್ಲ. ನೇರವಾಗಿ ಹುಡುಗಿಗೇ ಮಾಡಿದರು. ಯಾರೂ ಕೇಳದ ಪ್ರಶ್ನೆ ಕೇಳಿದರು: "ನಿಂಗೇನು ಬೇಕವ್ವಾ?" ಹುಡುಗಿ ಬಹಳ ಹೊತ್ತು ಮಾತಾಡಿದಳಂತೆ. ದ್ವೀಪಕ್ಕೆ ಹೋಗಲು ಅವಳಿಗೆ ಇಷ್ಟವೇ ಇರಲಿಲ್ಲ. "ಮಾವ, ಈ ವರ್ಷ ಅರ್ಜಿ ಹಾಕಲ್ಲ. ಇಲ್ಲೊಬ್ಬ ಡಿ.ಓ. ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರ್ತೀನಿ. ಮಾದರಿ ಪರೀಕ್ಷೆಯಲ್ಲಿ 505 ಬಂದಮೇಲೇ ಇನ್ನೊಂದು ಸಲ ಬರೀತೀನಿ. ಮೊದಲು ನಮ್ಮ ರಾಜ್ಯದ್ದೇ ಸರ್ಕಾರಿ ಡಿ.ಓ. ಕಾಲೇಜಿಗೆ ಹಾಕ್ತೀನಿ, ರಾಜ್ಯದೋರಿಗೆ ಫೀಸು ಕಮ್ಮಿ. ಸೈಟು ಈಗ್ಲೇ ಮಾರಬೇಡಿ. ಸೀಟು ಸಿಕ್ಕಮೇಲೆ ನಾನೇ ಕೇಳ್ತೀನಿ."

ಸೀಟು ಸಿಗುತ್ತದೋ ಇಲ್ಲವೋ, ಇನ್ನೂ ಒಂದೂವರೆ ಎರಡು ವರ್ಷದ ಮಾತು. ಆದರೆ ನಿನ್ನೆ ಅಂಗಡಿ ಮುಂದೆ ಹಾದುಹೋಗುವಾಗ ಒಬ್ಬ ಹಳೇ ಗಿರಾಕಿ ಕುಕ್ಕರ್ ನೋಡುತ್ತಾ, "ಅಮೆರಿಕದ ಸೊಸೆ ಏನ್ ಮಾಡ್ತಿದ್ದಾಳೆ ಯಜಮಾನರೇ?" ಎಂದು ಕೇಳುತ್ತಿದ್ದುದು ಕಿವಿಗೆ ಬಿತ್ತು.

ಹಿಂದೆ ಆಗಿದ್ದರೆ ಯಜಮಾನರು ಮಾತು ಹಾರಿಸುತ್ತಿದ್ದರು. ನಿನ್ನೆ ಹಾರಿಸಲಿಲ್ಲ. "ಡಾಕ್ಟರ್ ಪರೀಕ್ಷೆಲಿ ನಂಬರು ಕಮ್ಮಿ ಬಂತು ಕಣಪ್ಪಾ. ಇನ್ನೊಂದ್ಸಲ ಬರೀತಾಳೆ" ಎಂದು ಹೇಳಿ ಕುಕ್ಕರಿನ ಬೆಲೆ ಹೇಳತೊಡಗಿದರು.