ನೋಡುವ ಕಡಲು ಒಂದು, ಈಜುವ ಕಡಲು ಇನ್ನೊಂದು

ಕೆರಿಬಿಯನ್ ಸಮುದ್ರದ ವಿಹಾರ ನೌಕೆಗಳು ಒಂದು ದ್ವೀಪದಲ್ಲಿ ತಂಗುವುದು ಹೆಚ್ಚಾಗಿ ಒಂದೇ ಹಗಲು. ಬೆಳಗ್ಗೆ ಬಂದರು ಸೇರಿದ ನೌಕೆ ಸಂಜೆಯಾಗುತ್ತಲೇ ಹೊರಡುತ್ತದೆ. ಈ ನಡುವೆ ದೊರೆಯುವ ನಾಲ್ಕೈದು ಗಂಟೆಗಳಲ್ಲಿ ಊರು ನೋಡಬೇಕು, ಕಡಲಿಗೂ ಇಳಿಯಬೇಕು ಎನ್ನುವವರಿಗಾಗಿಯೇ ರೂಪುಗೊಂಡದ್ದು ಖಾಸಗಿ ಅರ್ಧ ದಿನದ ಪ್ರವಾಸ. ಒಂದು ಟ್ಯಾಕ್ಸಿ, ಒಬ್ಬ ಸ್ಥಳೀಯ ಚಾಲಕ, ಒಂದು ಕುಟುಂಬ ಅಥವಾ ಸ್ನೇಹಿತರ ಸಣ್ಣ ಗುಂಪು ಇದ್ದರೆ ಸಾಕು.

ಬಾರ್ಬಡೋಸ್ ಇಂಥ ಪ್ರವಾಸಕ್ಕೆ ಹೇಳಿ ಮಾಡಿಸಿದಂಥ ದ್ವೀಪ. ಸುಮಾರು 34 ಕಿಲೋಮೀಟರ್ ಉದ್ದ, 23 ಕಿಲೋಮೀಟರ್ ಅಗಲದ ಈ ಪುಟ್ಟ ದೇಶದಲ್ಲಿ ಒಂದು ತೀರದಿಂದ ಇನ್ನೊಂದು ತೀರಕ್ಕೆ ಸುಮಾರು ಒಂದು ಗಂಟೆಯ ದಾರಿ. ಆದರೆ ಆ ಎರಡು ತೀರಗಳ ಸ್ವಭಾವ ಒಂದೇ ಅಲ್ಲ. ಯಾವ ಕಡಲನ್ನು ನೋಡಬೇಕು, ಯಾವ ಕಡಲಲ್ಲಿ ಈಜಬೇಕು ಎಂಬ ತಿಳಿವಳಿಕೆಯೇ ಇಲ್ಲಿ ಪ್ರವಾಸಿಗನ ಪ್ರಾಣರಕ್ಷೆ.

ಎರಡು ಮುಖದ ದ್ವೀಪ

ಬಾರ್ಬಡೋಸ್ ಕೆರಿಬಿಯನ್ ದ್ವೀಪಗಳಲ್ಲಿ ಅತ್ಯಂತ ಪೂರ್ವದ್ದು. ಅದರ ಪೂರ್ವ ತೀರಕ್ಕೂ ಆಫ್ರಿಕಾ ಖಂಡಕ್ಕೂ ನಡುವೆ ಇರುವುದು ತೆರೆದ ಅಟ್ಲಾಂಟಿಕ್ ಸಾಗರ ಮಾತ್ರ. ವರ್ಷದ ಬಹುಪಾಲು ಪೂರ್ವ ಹಾಗೂ ಈಶಾನ್ಯ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತಗಳು ಸಾವಿರಾರು ಕಿಲೋಮೀಟರ್ ದೂರದಿಂದ ಅಲೆಗಳನ್ನು ತಳ್ಳಿಕೊಂಡು ಬರುತ್ತವೆ. ತಡೆಯುವ ನೆಲವಿಲ್ಲದ ಕಾರಣ ಅವು ಪೂರ್ಣ ಬಲದೊಂದಿಗೆ ಇಲ್ಲಿ ಅಪ್ಪಳಿಸುತ್ತವೆ.

ಪಶ್ಚಿಮ ತೀರಕ್ಕೆ ಇಡೀ ದ್ವೀಪವೇ ಗೋಡೆ. ಗಾಳಿಯ ಮರೆಯಲ್ಲಿರುವ ಅಲ್ಲಿನ ಕಡಲು ಹೆಚ್ಚಿನ ದಿನಗಳಲ್ಲಿ ಕೆರೆಯಂತೆ ಶಾಂತವಾಗಿರುತ್ತದೆ.

ನೆಲದ ರಚನೆಯೂ ವಿಶಿಷ್ಟ. ನೆರೆಯ ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್‌ಗಳಂತೆ ಇದು ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವಲ್ಲ. ಇಲ್ಲಿನ ಭೂಭಾಗದ ಸುಮಾರು ಶೇ 85ರಷ್ಟನ್ನು ಹವಳದ ಸುಣ್ಣಕಲ್ಲು ಹೊದ್ದುಕೊಂಡಿದೆ. ಈಶಾನ್ಯದ ಸ್ಕಾಟ್ಲೆಂಡ್ ಡಿಸ್ಟ್ರಿಕ್ಟ್ ಪ್ರದೇಶದಲ್ಲಿ ಮಾತ್ರ ಆ ಹೊದಿಕೆ ಸವೆದು, ಕೆಳಗಿನ ಜೇಡಿಮಣ್ಣು ಮತ್ತು ಮರಳುಗಲ್ಲು ಹೊರಬಂದಿವೆ.

ಸುತ್ತುವ ದಾರಿ

ಬಂದರು ಇರುವುದು ರಾಜಧಾನಿ ಬ್ರಿಜ್‌ಟೌನ್‌ನಲ್ಲಿ, ಅಂದರೆ ನೈಋತ್ಯ ತೀರದಲ್ಲಿ. ಬ್ರಿಜ್‌ಟೌನ್ ಮತ್ತು ಅದರ ಗ್ಯಾರಿಸನ್ ಪ್ರದೇಶ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1751ರಲ್ಲಿ ಹತ್ತೊಂಬತ್ತರ ತರುಣ ಜಾರ್ಜ್ ವಾಷಿಂಗ್ಟನ್ ತಂಗಿದ್ದ ಮನೆ ಈ ಗ್ಯಾರಿಸನ್‌ನಲ್ಲೇ ಇದೆ.

ಅಲ್ಲಿಂದ ಒಳನಾಡಿಗೆ ಹೊರಟರೆ ಗನ್ ಹಿಲ್ ಸಿಗುತ್ತದೆ. ಬ್ರಿಟಿಷ್ ಸೇನೆ ಬಾವುಟಗಳ ಮೂಲಕ ಸಂದೇಶ ರವಾನಿಸುತ್ತಿದ್ದ ಈ ಗುಡ್ಡದಿಂದ ದ್ವೀಪದ ದಕ್ಷಿಣ ಭಾಗ ಕಣ್ಣಿಗೆ ತೆರೆದುಕೊಳ್ಳುತ್ತದೆ. ಗುಡ್ಡದ ಇಳಿಜಾರಿನಲ್ಲಿ 1868ರಲ್ಲಿ ಕೆತ್ತಿದ ಬಿಳಿಯ ಸಿಂಹವೂ ಇದೆ.

ದಾರಿಯುದ್ದಕ್ಕೂ ಕಾಣುವ ಕಬ್ಬಿನ ಗದ್ದೆಗಳನ್ನು ಕೇವಲ ಹಸಿರು ಎಂದು ನೋಡಿ ಮುಂದೆ ಸಾಗುವಂತಿಲ್ಲ. 1627ರಲ್ಲಿ ಇಂಗ್ಲಿಷರು ಇಲ್ಲಿ ನೆಲೆಯೂರಿದರು. ಮುಂದಿನ ದಶಕಗಳಲ್ಲಿ ಬೆಳೆದ ಸಕ್ಕರೆಯ ಸಂಪತ್ತು ಆಫ್ರಿಕಾದಿಂದ ಬಲವಂತವಾಗಿ ತಂದ ಗುಲಾಮರ ದುಡಿಮೆಯ ಫಲ. 1816ರಲ್ಲಿ ಬುಸ್ಸಾ ಹೆಸರಿನ ಗುಲಾಮನ ನೇತೃತ್ವದಲ್ಲಿ ದಂಗೆ ನಡೆಯಿತು. ಗುಲಾಮಗಿರಿ 1834ರಲ್ಲಿ ಕಾನೂನಿನ ಪ್ರಕಾರ ರದ್ದಾದರೂ ಪೂರ್ಣ ಬಿಡುಗಡೆಗೆ 1838ರವರೆಗೆ ಕಾಯಬೇಕಾಯಿತು. ದೇಶ 1966ರಲ್ಲಿ ಸ್ವತಂತ್ರವಾಯಿತು, 2021ರ ನವೆಂಬರ್ 30ರಂದು ಗಣರಾಜ್ಯವಾಯಿತು.

ಬತ್‌ಶೀಬಾ: ನೋಡಲು ಮಾತ್ರ

ಪೂರ್ವ ತೀರದ ಬತ್‌ಶೀಬಾ ಈ ಪ್ರವಾಸದ ಅತ್ಯಂತ ಸುಂದರ ತಾಣ, ಅತ್ಯಂತ ಅಪಾಯಕಾರಿಯೂ ಹೌದು. ಬುಡವನ್ನು ಅಲೆಗಳು ಕೊರೆದು ಅಣಬೆಯಂತಾಗಿರುವ ಬೃಹತ್ ಹವಳದ ಬಂಡೆಗಳು ನೀರಿನಲ್ಲಿ ನಿಂತಿವೆ. ಇಲ್ಲಿನ 'ಸೂಪ್ ಬೌಲ್' ಅಲೆಗಳು ಜಗತ್ತಿನ ಸರ್ಫಿಂಗ್ ಪಟುಗಳಿಗೆ ಚಿರಪರಿಚಿತ.

ಸರ್ಫಿಂಗ್‌ಗೆ ಒಳ್ಳೆಯ ಕಡಲು ಈಜಿಗೆ ಒಳ್ಳೆಯದಲ್ಲ. ದಡಕ್ಕೆ ಬಂದು ಒಡೆಯುವ ಅಲೆಗಳ ನೀರು ಮತ್ತೆ ಸಾಗರಕ್ಕೆ ಮರಳಬೇಕು. ಅದು ಬಂಡೆಗಳ ಅಥವಾ ಮರಳುದಿಬ್ಬಗಳ ನಡುವಿನ ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತವರನ್ನೂ ಈ ಸೆಳೆತ ಆಳಕ್ಕೆ ಒಯ್ಯಬಲ್ಲದು. ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗಿ ಸುಸ್ತಾಗುತ್ತಾರೆ. ಮುಳುಗಲು ಅದೇ ಕಾರಣವಾಗುತ್ತದೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರುವುದೇ ಸರಿಯಾದ ಕ್ರಮ. ಅದಾಗದಿದ್ದರೆ ತೇಲುತ್ತಾ ಕೈಯೆತ್ತಿ ನೆರವು ಕೋರಬೇಕು.

ಇಳಿತದ ಸಮಯದಲ್ಲಿ ಬಂಡೆಗಳ ನಡುವೆ ಆಳವಿಲ್ಲದ ಹೊಂಡಗಳು ಉಂಟಾಗುತ್ತವೆ. ಸ್ಥಳೀಯರು ಅವುಗಳಲ್ಲಿ ಕುಳಿತು ಮೀಯುವುದುಂಟು. ಅದನ್ನು ಕಂಡು ಆಚೆಯ ಕಡಲಿಗೂ ಇಳಿಯಬಹುದೆಂದು ಭಾವಿಸುವುದು ತಪ್ಪು.

ಇನ್ನೊಂದು ತೊಂದರೆ ಸರ್ಗಾಸಮ್ ಎಂಬ ಕಂದು ಪಾಚಿ. 2011ರಿಂದೀಚೆಗೆ ಅಟ್ಲಾಂಟಿಕ್‌ನಲ್ಲಿ ಅದು ಭಾರಿ ಪ್ರಮಾಣದಲ್ಲಿ ಬೆಳೆಯುತ್ತಿದ್ದು, ಪೂರ್ವ ತೀರಕ್ಕೆ ರಾಶಿಯಾಗಿ ಬಂದು ಬೀಳುತ್ತಿದೆ. ಕೊಳೆತಾಗ ದುರ್ವಾಸನೆಯ ಅನಿಲ ಹೊರಸೂಸುತ್ತದೆ.

ಈಜಲು ಪಶ್ಚಿಮ

ಆದ್ದರಿಂದಲೇ ಅನುಭವಿ ಚಾಲಕರು ಬೆಳಗಿನ ಹೊತ್ತು ಪೂರ್ವವನ್ನು ತೋರಿಸಿ, ಕೊನೆಯ ಒಂದೆರಡು ಗಂಟೆಗಳನ್ನು ಪಶ್ಚಿಮ ಅಥವಾ ನೈಋತ್ಯ ತೀರಕ್ಕೆ ಮೀಸಲಿಡುತ್ತಾರೆ. ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿ ಬಂದರಿಗೆ ಸಮೀಪದಲ್ಲಿರುವುದು ಇನ್ನೊಂದು ಅನುಕೂಲ. ಅದರ ತಳದಲ್ಲಿ ಮುಳುಗಿರುವ ಹಡಗುಗಳ ಅವಶೇಷಗಳ ಸುತ್ತ ಮೀನುಗಳ ಹಿಂಡು ಕಾಣುತ್ತದೆ. ಹಸಿರು ಕಡಲಾಮೆ ಮತ್ತು ಅಳಿವಿನಂಚಿನ ಹಾಕ್ಸ್‌ಬಿಲ್ ಆಮೆಗಳೂ ಇಲ್ಲಿವೆ. ಬಾರ್ಬಡೋಸ್‌ನಲ್ಲಿ 1998ರಿಂದ ಕಡಲಾಮೆ ಹಿಡಿಯುವುದಕ್ಕೆ ನಿಷೇಧವಿದೆ. ಆಮೆಗಳನ್ನು ಮುಟ್ಟದೆ, ಬೆನ್ನಟ್ಟದೆ ದೂರದಿಂದ ನೋಡುವುದೇ ಸಭ್ಯತೆ.

ದಡದಲ್ಲಿಯೂ ಎಚ್ಚರ ಬೇಕು. ಮಂಚಿನೀಲ್ ಎಂಬ ಮರದ ಕಾಯಿ ಪುಟ್ಟ ಹಸಿರು ಸೇಬಿನಂತೆ ಕಂಡರೂ ವಿಷ. ಮಳೆ ಬಂದಾಗ ಅದರಡಿ ನಿಂತರೆ ಎಲೆಗಳಿಂದ ತೊಟ್ಟಿಕ್ಕುವ ನೀರಿನಿಂದ ಮೈಮೇಲೆ ಬೊಬ್ಬೆ ಏಳುತ್ತವೆ. ಹಲವೆಡೆ ಇಂಥ ಮರಗಳಿಗೆ ಕೆಂಪು ಪಟ್ಟಿ ಬಳಿಯಲಾಗಿದೆ.

ಮರಳು ಎಲ್ಲರದು

ಪಶ್ಚಿಮ ತೀರದಲ್ಲಿ ಸಾಲುಗಟ್ಟಿರುವ ದುಬಾರಿ ಹೋಟೆಲ್‌ಗಳನ್ನು ನೋಡಿದವರಿಗೆ ಕಡಲೂ ಅವುಗಳದ್ದೇ ಎನ್ನಿಸಬಹುದು. ವಾಸ್ತವ ಹಾಗಿಲ್ಲ. ಬಾರ್ಬಡೋಸ್‌ನ ಕಡಲತೀರಗಳೆಲ್ಲ ಸಾರ್ವಜನಿಕ. ಆದರೆ ಹಕ್ಕಿದ್ದರೆ ಸಾಲದು, ತೀರಕ್ಕೆ ಹೋಗಲು ದಾರಿಯೂ ಬೇಕು. ಕಟ್ಟಡಗಳು ಒತ್ತೊತ್ತಾಗಿ ಎದ್ದಲ್ಲಿ ರಸ್ತೆಯಿಂದ ಕಡಲು ಕಾಣುವುದೇ ಕಷ್ಟ. ಕಾಲುದಾರಿಗಳನ್ನು ಉಳಿಸಿಕೊಳ್ಳಬೇಕೆಂಬುದು ದ್ವೀಪದ ಜನರ ಹಳೆಯ ಬೇಡಿಕೆ. ಆ ದಾರಿಗಳನ್ನು ಬಲ್ಲವನು ಸ್ಥಳೀಯ ಚಾಲಕ. ಖಾಸಗಿ ಪ್ರವಾಸದ ನಿಜವಾದ ಬೆಲೆ ಇರುವುದು ವಾಹನದಲ್ಲಲ್ಲ, ಈ ತಿಳಿವಳಿಕೆಯಲ್ಲಿ.

ಗಡಿಯಾರ, ಹಣ, ಹವಾಮಾನ

ನೌಕೆಯ ಸಂಸ್ಥೆಯೇ ಏರ್ಪಡಿಸಿದ ಪ್ರವಾಸ ತಡವಾದರೆ ನೌಕೆ ಸಾಮಾನ್ಯವಾಗಿ ಕಾಯುತ್ತದೆ. ಸ್ವತಃ ಗೊತ್ತುಮಾಡಿಕೊಂಡ ಟ್ಯಾಕ್ಸಿಯವರಿಗಾಗಿ ಕಾಯುವುದಿಲ್ಲ. ನೌಕೆಯ ಗಡಿಯಾರವೂ ದ್ವೀಪದ ಗಡಿಯಾರವೂ ಒಂದೇ ಸಮಯ ತೋರಿಸುತ್ತಿವೆಯೇ ಎಂಬುದನ್ನು ಇಳಿಯುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಹತ್ತುವ ಕೊನೆಯ ಗಳಿಗೆಗೆ ಕನಿಷ್ಠ ಒಂದು ಗಂಟೆ ಮೊದಲು ಬಂದರು ಸೇರುವುದು ಲೇಸು.

ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಅವುಗಳ ನೋಂದಣಿ ಸಂಖ್ಯೆ 'ಝಡ್' ಅಕ್ಷರದಿಂದ ಆರಂಭವಾಗುತ್ತದೆ. ಹತ್ತುವ ಮುನ್ನವೇ ದರ ಮಾತನಾಡಿಕೊಳ್ಳಬೇಕು, ಅದು ಯಾವ ಡಾಲರ್ ಎಂದೂ ಕೇಳಬೇಕು. ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್. ಕೇಳದಿದ್ದರೆ ಖರ್ಚು ದುಪ್ಪಟ್ಟಾದೀತು. ಸೈನಿಕರ ಸಮವಸ್ತ್ರದ ವಿನ್ಯಾಸದ ಬಟ್ಟೆ ಧರಿಸುವುದು ಇಲ್ಲಿ ಅಪರಾಧ. ಈ ನಿಯಮ ಮಕ್ಕಳಿಗೂ ಅನ್ವಯಿಸುತ್ತದೆ.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಬೆಂಗಳೂರಿನ ರಾಹುಲ್ ದ್ರಾವಿಡ್ ತರಬೇತಿಯಲ್ಲಿ ಭಾರತ ತಂಡ 2024ರ ಜೂನ್ 29ರಂದು ಟಿ20 ವಿಶ್ವಕಪ್ ಗೆದ್ದದ್ದು ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ. ಬಳಿಕ ಬೆರಿಲ್ ಚಂಡಮಾರುತದಿಂದಾಗಿ ವಿಮಾನ ನಿಲ್ದಾಣ ಮುಚ್ಚಿ, ವಿಶ್ವವಿಜೇತರು ಕೆಲವು ದಿನ ಹೋಟೆಲ್‌ನಲ್ಲೇ ಉಳಿಯಬೇಕಾಯಿತು. ಅಂಥ ದಿನಗಳಲ್ಲಿ ಪಶ್ಚಿಮದ ಶಾಂತ ಕಡಲೂ ಶಾಂತವಾಗಿರುವುದಿಲ್ಲ. ಕೆಂಪು ಬಾವುಟ ಹಾರುತ್ತಿದ್ದರೆ ಈಜುಡುಗೆ ಚೀಲದಲ್ಲೇ ಇರಲಿ. ಚಾಲಕನಿಗೆ ಹೇಳಿ ಇನ್ನೊಂದು ಗುಡ್ಡವನ್ನೋ ಹಳೆಯ ಬೀದಿಯನ್ನೋ ನೋಡಿಕೊಂಡು ಬರಬಹುದು.