ಕಿರ್ಲೋಸ್ಕರ್‌ಗೆ 32 ಎಕರೆ ಸಿಕ್ಕಿತ್ತು, ಕ್ಯಾಂಪಿನ ಮೆಕ್ಯಾನಿಕ್‌ಗೆ?

ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳ ಕಡೆ ಹೋದ್ರೆ ರಿಪೇರಿ ಅಂಗಡಿಗಳಿಗೇನೂ ಬರವಿಲ್ಲ. ಸುಟ್ಟ ಮೋಟಾರಿಗೆ ವೈಂಡಿಂಗ್ ಕಟ್ಟೋದು, ಎಣ್ಣಿ ಹೊಡಿಯೋ ಪಂಪು ಬಿಚ್ಚಿ ಜೋಡಿಸೋದು, ಟ್ರ್ಯಾಕ್ಟರ್‌ನ ಕಲ್ಟಿವೇಟರ್‌ಗೆ ವೆಲ್ಡಿಂಗ್ ಹಾಕೋದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಇವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಅಪ್ಪ, ಮಗ, ಕೆಲವು ಕಡೆ ಅಳಿಯ. ಇದನ್ನು ಯಾರೂ 'ಫ್ಯಾಮಿಲಿ ಬಿಸಿನೆಸ್' ಅನ್ನಲ್ಲ. ಆ ಮಾತು ದೊಡ್ಡವರಿಗೆ ಮೀಸಲು.

ಹಾಗೆ ನೋಡಿದ್ರೆ, ಆ ದೊಡ್ಡವರಲ್ಲಿ ಒಬ್ಬರು ಶುರು ಮಾಡಿದ್ದೂ ಇಂಥದ್ದೇ ಅಂಗಡಿಯಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬೈನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟ್ರಾಗಿದ್ದವರು. ಬಡ್ತಿ ಬರೋ ಹೊತ್ತಿಗೆ ಆ ಕುರ್ಚಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾಯ್ತು. ಕೆಲಸ ಬಿಟ್ಟು ಬೆಳಗಾವಿಗೆ ವಾಪಸ್ ಬಂದು ಅಣ್ಣ ರಾಮುಅಣ್ಣನ ಜೊತೆ ಸೈಕಲ್ ಅಂಗಡಿಗೆ ನಿಂತರು. ಕಂಪನಿ ತನ್ನ ಹುಟ್ಟಿದ ವರ್ಷ ಅಂತ ಹೇಳಿಕೊಳ್ಳೋದು 1888. ಸೈಕಲ್ ಮಾರಾಟ, ರಿಪೇರಿ, ಆಮೇಲೆ ಮೇವು ಕತ್ತರಿಸೋ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು.

ನೇಗಿಲಿನ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಬ್ಬಿಣ ಮಣ್ಣಿಗೆ ವಿಷ ಬಿಡುತ್ತೆ ಅಂತ ರೈತರು ಮೊದಮೊದಲು ಹತ್ತಿರಕ್ಕೂ ಬರಲಿಲ್ಲವಂತೆ. ನಗೋ ಮೊದಲು ಯೋಚಿಸಿ. ಮರದ ರಂಟೆ ಮುರಿದ್ರೆ ಊರಿನ ಬಡಿಗರು, ಕಮ್ಮಾರರು ಇದ್ದರು. ಅವರಿಗೆ ಸುಗ್ಗಿಯಲ್ಲಿ ಆಯ ಅಂತ ಕಾಳು ಕೊಟ್ಟರೆ ವರ್ಷವಿಡೀ ರಿಪೇರಿ ನಡೀತಿತ್ತು. ಕಾರ್ಖಾನೆಯ ನೇಗಿಲು ಮುರಿದ್ರೆ ಯಾರ ಹತ್ರ ಹೋಗೋದು? ಬಿಡಿಭಾಗ ಎಲ್ಲಿ ಸಿಗುತ್ತೆ? ವಿಷದ ಮಾತಿನ ಹಿಂದೆ ಈ ಭಯವೂ ಇದ್ದೀತು ಅನ್ನೋದು ನನ್ನ ಅಂದಾಜು. ಈ ಪ್ರಶ್ನೆ ಇವತ್ತಿಗೂ ಹಾಗೇ ಇದೆ.

ಇನ್ನು ಕಂಪನಿ ಕೈಪಿಡಿಗಳು ಅವಸರದಲ್ಲಿ ದಾಟಿಬಿಡೋ ಭಾಗ. ಬೆಳಗಾವಿ ಪುರಸಭೆ ಬಡಾವಣೆ ಬೆಳೆಸೋಕೆ ಹೊರಟಾಗ ಕಿರ್ಲೋಸ್ಕರ್ ಜಾಗ ಖಾಲಿ ಮಾಡಬೇಕಾಯ್ತು. ಅಂದ್ರೆ ಇವರೂ ಎತ್ತಂಗಡಿ ಆದವರೇ. ಆಗ ಕೈಹಿಡಿದದ್ದು ಔಂಧ್ ಸಂಸ್ಥಾನದ ರಾಜ. ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಜಮೀನು, ಜೊತೆಗೆ 10,000 ರೂಪಾಯಿ ಸಾಲ. 1910ರಲ್ಲಿ ಅಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಮುಂದೆ ಪಂಪು, ಡೀಸೆಲ್ ಎಂಜಿನ್, 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್. ನಾನು ಇಂಜಿನಿಯರಿಂಗ್ ಓದುವಾಗ ವರ್ಕ್‌ಶಾಪಿನಲ್ಲಿ ಕೈ ಮಸಿ ಮಾಡಿಕೊಂಡದ್ದು ಹರಿಹರದ ಲೇತ್ ಮೇಲೆ. ಆ ಕಾರ್ಖಾನೆ ಮುಚ್ಚಿಹೋಗಿದೆ, ಲೇತ್‌ಗಳು ಇನ್ನೂ ತಿರುಗ್ತಿವೆ.

ಲಕ್ಷ್ಮಣರಾವ್ ಅವರ ದುಡಿಮೆಯನ್ನು ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ 'ಸೈಕಲ್ ಅಂಗಡಿಯಿಂದ ಸಾಮ್ರಾಜ್ಯ' ಅನ್ನೋ ಮೋಟಿವೇಶನ್ ರೀಲುಗಳಲ್ಲಿ ಆ 32 ಎಕರೆ ಯಾಕೆ ಬರಲ್ಲ?

ಈಗ ಕ್ಯಾಂಪಿಗೆ ವಾಪಸ್ ಬನ್ನಿ. ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ಇಲ್ಲಿ ಭೂಮಿ ಕೊಟ್ಟು ಕೂರಿಸಿತು. ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಆ ಭೂಮಿ ಚೂರಾಗಿ, ಕೆಲವರು ವಲಸೆ ಹೋದರು, ಕೆಲವರು ಸ್ಪ್ಯಾನರ್ ಹಿಡಿದರು. ಇವರಲ್ಲಿ ಬಹಳಷ್ಟು ಜನ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಆ ಜಾತಿ ಪರಿಶಿಷ್ಟ ಪಟ್ಟಿಯಲ್ಲಿದೆ, ಕರ್ನಾಟಕದ ಪಟ್ಟಿಯಲ್ಲಿಲ್ಲ. ಹಾಗಾಗಿ ಪರಿಶಿಷ್ಟರಿಗಿರುವ ಸಾಲ, ಸಬ್ಸಿಡಿ ಯೋಜನೆಗಳ ಬಾಗಿಲು ಇವರಿಗೆ ಮುಚ್ಚಿದೆ. ತಡವಾಗಿ ಬಂದವರಿಗೆ ಇನ್ನೂ ಪೌರತ್ವದ ಕಾಗದದ್ದೇ ಚಿಂತೆ. 2019ರ ಸಿಎಎಗೆ ನಿಯಮಗಳು ಬಂದದ್ದೇ 2024ರ ಮಾರ್ಚ್‌ನಲ್ಲಿ. ಅದೂ ಧರ್ಮ ನೋಡಿ ಕೊಡೋ ಕಾಗದ, ಆ ಜಗಳ ಬೇರೆ. ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತಾಗ ಕೈಚಳಕ ಲೆಕ್ಕಕ್ಕೆ ಬರಲ್ಲ, ಫೈಲಿನಲ್ಲಿ ಏನಿದೆ ಅನ್ನೋದಷ್ಟೇ ಬರುತ್ತೆ.

ಕಾಗದ ಇದ್ದವರಿಗೂ ಇನ್ನೊಂದು ಗೋಡೆ ಏಳ್ತಾ ಇದೆ. ಹಳೇ ಡೀಸೆಲ್ ಎಂಜಿನ್ನನ್ನು ನೋಡಿ, ಕೇಳಿ, ಮುಟ್ಟಿ ರಿಪೇರಿ ಮಾಡಬಹುದಿತ್ತು. ಹೊಸ ಯಂತ್ರಗಳಲ್ಲಿ ಸೆನ್ಸರ್, ಎಲೆಕ್ಟ್ರಾನಿಕ್ ಕಂಟ್ರೋಲ್. ದೋಷ ಏನು ಅಂತ ಓದೋಕೂ ಕಂಪನಿಯ ಸಾಫ್ಟ್‌ವೇರ್ ಬೇಕು. ಕೊಯ್ಲಿನ ಹೊತ್ತಲ್ಲಿ ಮಷಿನ್ ನಿಂತರೆ ಭತ್ತ ಕಾಯಲ್ಲ, ಸರ್ವಿಸ್ ಸೆಂಟರ್‌ನವರು ಬರೋ ತನಕ ರೈತ ಕಾಯಬೇಕು. ಅಮೆರಿಕದಲ್ಲಿ ಟ್ರ್ಯಾಕ್ಟರ್ ರೈತರು ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದಾರೆ.

ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಬಗ್ಗೆ ಸಮಿತಿ ಮಾಡಿತು. ಗುರುತಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ಕಂಪನಿಗಳು ಕೈಪಿಡಿ, ಬಿಡಿಭಾಗ, ಸರ್ವಿಸ್ ಸೆಂಟರ್‌ಗಳ ವಿವರ ಅಲ್ಲಿ ಹಾಕಬೇಕು ಅನ್ನೋದು ಆಶಯ. ಇದು ನಿಜಕ್ಕೂ ಗ್ರಾಹಕರಿಗಾಗಿಯೇ ಇದ್ದರೆ, ಸಿಂಧನೂರಿನಂಥ ಕಡೆ ಎರಡು ಕೆಲಸ ತಕ್ಷಣ ಆಗಬೇಕು: ಕೈಪಿಡಿಗಳು ಕನ್ನಡದಲ್ಲಿ ಬರಬೇಕು, ಬಿಡಿಭಾಗ ಅಧಿಕೃತ ಡೀಲರ್ ಅಲ್ಲದ ಅಂಗಡಿಗೂ ಅದೇ ರೇಟಿಗೆ ಸಿಗಬೇಕು. ಮುಂದಿನ ಸಲ ನಿಮ್ಮ ಎಂಎಲ್‌ಎ, ಎಂಪಿ ಸ್ಟಾರ್ಟ್‌ಅಪ್ ಬಗ್ಗೆ ಭಾಷಣ ಮಾಡಿದ್ರೆ ಈ ಎರಡನ್ನು ಕೇಳಿ ನೋಡಿ. ಜೊತೆಗೆ ನಾಮಶೂದ್ರರ ಜಾತಿ ಪ್ರಮಾಣಪತ್ರದ ಫೈಲು ಎಲ್ಲಿದೆ ಅಂತಾನೂ.