ಹಿಮನದಿಯ ಹರಿವನ್ನು ಹಿಡಿದ ಚಲಚ್ಚಿತ್ರ

ಹಿಮನದಿಯು ಹರಿಯುವುದೆಂದು ನಾವು ಓದಿರುವೆವು. ಕಣ್ಣಿಗೆ ಮಾತ್ರ ಅದು ಬಂಡೆಯಂತೆ ನಿಶ್ಚಲ. ಗಂಟೆಗೊಂದರಂತೆ ಅದರ ಚಿತ್ರ ತೆಗೆದು, ಸೆಕೆಂಡಿಗೆ 24ರಂತೆ ತೋರಿಸಿದರೆ ದಿನವೊಂದು ಸೆಕೆಂಡಿಗೆ ಕುಗ್ಗುವುದು. ವರ್ಷವೆಲ್ಲ ಆರೇ ನಿಮಿಷ! ಇದೇ ತತ್ತ್ವದ ಸ್ವಯಂಚಾಲಿತ ಕ್ಯಾಮೆರಾಗಳನ್ನು ಛಾಯಾಗ್ರಾಹಕ ಜೇಮ್ಸ್ ಬೇಲಾಗ್ 2007ರಿಂದ ಗ್ರೀನ್‌ಲೆಂಡ್, ಐಸ್‌ಲೆಂಡ್, ಅಲಾಸ್ಕಗಳಲ್ಲಿ ನೆಡಿಸಿದರು. ಆ ಸಾಹಸದ ಕಥೆಯೇ 2012ರ ‘ಚೇಸಿಂಗ್ ಐಸ್’.

2008ರಲ್ಲಿ ಗ್ರೀನ್‌ಲೆಂಡಿನ ಇಲುಲಿಸ್ಸಾಟ್ ಹಿಮನದಿಯ ಮುಖವು 75 ನಿಮಿಷ ಒಡೆದೊಡೆದು ಬಿದ್ದುದನ್ನು ಅದರಲ್ಲಿ ಕಾಣಬಹುದು. (ದಿನಗಟ್ಟಲೆ ಅಲ್ಲಿಯೇ ಕಾದಿದ್ದ ಇಬ್ಬರು ತರುಣರು ಇದನ್ನು ಚಿತ್ರಿಸಿದರು.)

ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರದಲ್ಲ ಎಂದು ಆರ್ಕಿಮಿಡೀಸನನ್ನು ಬಲ್ಲ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಸರಿಯೇ, ಆದರೆ ಇದು ನೆಲದಿಂದ ಇಳಿದುಬಂದ ಹಿಮ. ಕಡಲಲ್ಲಿ ತೇಲತೊಡಗಿದೊಡನೆಯೇ ತನ್ನ ತೂಕದಷ್ಟು ನೀರನ್ನು ಸರಿಸುವುದು. ಗ್ರೀನ್‌ಲೆಂಡಿನ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟವು ಸುಮಾರು 7 ಮೀಟರು ಏರುವುದು.